ಮುಕ್ಕಾಲು ಗಜದ ಕಣ

೧೬ ನವೆಂಬರ್ ೧೯೫೨, ಭಾನುವಾರ. ಬೆಳಿಗ್ಗೆ ಆರೂವರೆ

ಸ್ನಾನ, ಪೂಜೆ ಆಯಿತು. ಕಾಫಿಯೂ ಆಯಿತು. ಡಿಕಾಕ್ಷನ್ ನೀರು ನೀರು. ನಾನೇ ಇಳಿಸಿದ್ದು, ಯಾರನ್ನು ಬೈಯಲಿ? ಗಿರಿಜಾ ತೀರಿಕೊಂಡು ಹದಿನಾರು ತಿಂಗಳಾಯಿತು, ಇನ್ನೂ ನನ್ನ ಕೈಗೆ ಕಾಫಿಯ ಹದ ಹತ್ತಿಲ್ಲ.

ನಿನ್ನೆಯ ಟಪಾಲಿನಲ್ಲಿ ತುಮಕೂರಿನ ಬೀಗರು ಗಂಗಾಧರಯ್ಯನವರ ಕಾಗದ. ಅಕ್ಷರ ಅವರದು, ಮಾತೆಲ್ಲ ಅವರ ಹೆಂಡತಿ ಶಿವಕುಮಾರಮ್ಮನವರದು. ‘ನಿಮ್ಮ ಮಗಳಿಗೆ ಈಗ ಆರು ತಿಂಗಳು. ನಿಮ್ಮ ಮನೆಯಲ್ಲಿ ಹೆಣ್ಣು ದಿಕ್ಕಿಲ್ಲ. ಆದಕಾರಣ ಹೆರಿಗೆ, ಬಾಣಂತನ ಎಲ್ಲ ಇಲ್ಲಿಯೇ ಆಗತಕ್ಕದ್ದು.’

ಆಗತಕ್ಕದ್ದಂತೆ! ಚೊಚ್ಚಲ ಹೆರಿಗೆ ತವರಿನ ಹಕ್ಕು. ನಂದಾ ನನಗೆ ಒಬ್ಬಳೇ ಮಗಳು. ತಾಯಿ ಹೋದರೆ ತವರೂ ಹೋಯಿತೆ? ನಾನೇನು ಲೆಕ್ಕಕ್ಕೇ ಇಲ್ಲವೆ?

ಅದೇ ದಿನ, ಮಧ್ಯಾಹ್ನ

ಉತ್ತರ ಬರೆದೆ. ಓದಿ ನೋಡಿದೆ. ಜಗಳಗಂಟನ ಕಾಗದ. ಹರಿದು ಇನ್ನೊಂದು ಬರೆದೆ — ವಾಣಿವಿಲಾಸ ಆಸ್ಪತ್ರೆ ಹತ್ತಿರ, ಅಡುಗೆಗೆ ಜನ ಇಡುತ್ತೇನೆ, ಬಾಣಂತಿಗೆ ನೀರು ಹಾಕಲು ಮುನಿಯಕ್ಕ ಇದ್ದಾಳೆ. ಮನೆಗೆಲಸದವಳಾದರೂ ಆರು ಹೆತ್ತವಳು, ಹತ್ತು ಬಾಣಂತನ ಮಾಡಿದವಳು. ದಯವಿಟ್ಟು ಮಗಳನ್ನು ಕಳಿಸಿ. ‘ದಯವಿಟ್ಟು’ ಬರೆದು ಹೊಡೆದುಹಾಕಿದೆ. ಆಮೇಲೆ ಮತ್ತೆ ಬರೆದೆ.

೨೩ ನವೆಂಬರ್

ನಿನ್ನೆ ಉತ್ತರ ಬಂತು. ಡಿಸೆಂಬರ್ ಇಪ್ಪತ್ತೆಂಟಕ್ಕೆ ನಂದಾಳನ್ನು ಕರೆದುಕೊಂಡು ಬರುತ್ತಾರಂತೆ. ಇಲ್ಲಿ ಮಡಿಲು ತುಂಬಿಸಿಕೊಂಡು ಸಂಜೆ ಬಸ್ಸಿಗೆ ವಾಪಸ್ ಕರೆದುಕೊಂಡು ಹೋಗುತ್ತಾರಂತೆ. ಕೊನೆಯಲ್ಲಿ ಶಿವಕುಮಾರಮ್ಮನವರ ಸ್ವಂತ ಕೈಯ ದಪ್ಪ ಅಕ್ಷರ: ‘ಬಾಣಂತಿ ಹೊದೆಯುವುದು ತಾಯಿ ಕೈಯಾರೆ ಹೊಲಿದ ಕೌದಿ. ಅದು ಅಂಗಡಿಯಲ್ಲಿ ಸಿಗುವ ಸಾಮಾನಲ್ಲ ಬೀಗರೇ.’

ಸರಿ. ನಾನು ಹೊಲಿಯುತ್ತೇನೆ. ಚಿಕ್ಕಪೇಟೆಯಲ್ಲಿ ಮೂವತ್ತೆರಡು ವರ್ಷ ಬಟ್ಟೆ ಅಳೆದು ಹರಿದವನು ಈ ವೃಷಭೇಂದ್ರಪ್ಪ. ಒಂದು ಕೌದಿ ಹೊಲಿಯಲಾರೆನೆ? ಕೌದಿ ಹಾಸಿಟ್ಟು, ಕೋಣೆಗೆ ಸುಣ್ಣ ಹೊಡೆಸಿಟ್ಟು, ಆಮೇಲೆ ಕೇಳುತ್ತೇನೆ ಮಗಳನ್ನು ಬಿಡುತ್ತೀರೋ ಇಲ್ಲವೋ ಎಂದು. ಐದು ವಾರ ಇದೆ. ಸಾಕು.

೨೪ ನವೆಂಬರ್, ಸೋಮವಾರ

ಅಂಗಡಿಗೆ ಹೋದವನೇ ಒಳ್ಳೆಯ ಬಿಳಿ ಲಾಂಗ್‌ಕ್ಲಾತ್ ಬಟ್ಟೆಯ ಒಂದು ತಾನು ಕಪಾಟಿನಿಂದ ಇಳಿಸಿದೆ. ಹನ್ನೆರಡು ಗಜ ಹರಿಯಲು ಹೇಳಿದೆ. ದೊರೆಸ್ವಾಮಿ ಕತ್ತರಿ ಹಿಡಿದುಕೊಂಡು ಹಾಗೇ ನಿಂತ. ಇಪ್ಪತ್ತು ವರ್ಷದಿಂದ ನನ್ನ ಗುಮಾಸ್ತೆ, ಮುಲಾಜಿಲ್ಲ.

“ಯಜಮಾನ್ರೇ, ಕೌದಿಗೆ ಯಾರಾದ್ರೂ ಹೊಸ ತಾನು ಹರೀತಾರಾ? ಒಳಗೆ ಕಟ್ ಪೀಸ್ ಮೂಟೆ ಇದೆಯಲ್ಲ, ತಗೊಂಡ್ಹೋಗಿ.”

“ನನ್ನ ಮಗಳಿಗೆ ಕಟ್ ಪೀಸಾ? ಬಾಯ್ಮುಚ್ಕೊಂಡು ಹರಿಯಪ್ಪಾ.”

ಹರಿದ. ಮನೆಗೆ ತಂದು ಮುನಿಯಕ್ಕನಿಗೆ ತೋರಿಸಿದೆ. ಒದ್ದೆ ಕೈ ಸೆರಗಿಗೆ ಒರೆಸಿಕೊಂಡು ಮುಟ್ಟಿ ನೋಡಿದಳು.

“ಚೆಂದಾಗೈತೆ ಸ್ವಾಮಿ. ಆದ್ರೆ ಅಮ್ಮಾವ್ರು ಕಣದ್ ಕೌದಿ ಹೊಲೀಬೇಕು ಅಂತಿದ್ರು, ನಂದಮ್ಮನ್ ಬಾಣಂತನಕ್ಕೆ. ಟ್ರಂಕಲ್ಲಿ ಮಡಿಸಿ ಇಕ್ಕವ್ರೆ.”

ನನಗೆ ಇದು ಗೊತ್ತೇ ಇರಲಿಲ್ಲ. ಆ ಟ್ರಂಕು ಅವಳು ಹೋದ ಮೇಲೆ ತೆಗೆದಿಲ್ಲ.

೨೬ ನವೆಂಬರ್. ಬೆಳಿಗ್ಗೆ

ಟ್ರಂಕು ತೆಗೆದೆ. ನಲವತ್ತೊಂದು ರವಿಕೆ ಕಣ. ಅರಿಶಿನ ಕುಂಕುಮಕ್ಕೆ ಹೋದಲ್ಲೆಲ್ಲ ಕೊಟ್ಟದ್ದು. ಈ ಕಣಗಳನ್ನು ಹೆಂಗಸರು ಹೊಲಿಸಿಕೊಳ್ಳುವುದು ಅಪರೂಪ. ಇವರು ಅವರಿಗೆ ಕೊಡುತ್ತಾರೆ, ಅವರು ಇನ್ನೊಬ್ಬರಿಗೆ. ಬಸವನಗುಡಿಯಲ್ಲಿ ಕೊಟ್ಟದ್ದು ಚಾಮರಾಜಪೇಟೆ ಸುತ್ತಿ ನಮ್ಮ ಶಂಕರಪುರಕ್ಕೆ ಬರುತ್ತದೆ.

ಒಂದೊಂದನ್ನೂ ಬಿಡಿಸಿ ನೋಡಿದೆ. ಎಲ್ಲ ನನ್ನ ಅಂಗಡಿಯ ಮಾಲು! ಯಾವ ವರ್ಷದ ಲಾಟು ಎಂದು ಹೇಳಬಲ್ಲೆ. ಹೆಮ್ಮೆಯಾಯಿತು — ಇಡೀ ಊರು ನಮ್ಮಲ್ಲೇ ಕೊಳ್ಳುತ್ತದೆ.

ಕೈ ಸುಮ್ಮನಿರಬೇಕಲ್ಲ, ಗಜದ ಕೋಲು ತಂದು ಅಳೆದೆ. ಕಣ ಎಂದರೆ ಮುಕ್ಕಾಲು ಗಜ ಇರಬೇಕು. ಒಂದೂ ಇಲ್ಲ. ಹಳೆಯವು ಒಂದು ಬೆರಳು ಕಡಿಮೆ. ಯುದ್ಧದ ಕಾಲದವು ಎರಡು ಬೆರಳು. ಈಚಿನವು ಮೂರು.

ಇದರಲ್ಲಿ ಆಶ್ಚರ್ಯ ಏನು, ನಾನೇ ಹರಿಸಿದ್ದು. ಕೊಡುವ ಕಣ, ತೊಡುವ ಕಣ ಎಂದು ಎರಡು ಬಗೆ ಇಟ್ಟಿದ್ದೇನೆ. ಕೊಡುವ ಕಣ ಯಾರು ಹೊಲಿಸುತ್ತಾರೆ, ಯಾರು ಅಳೆಯುತ್ತಾರೆ? ನಮ್ಮಪ್ಪನ ಕಾಲದಿಂದ ಬಂದ ರೂಢಿ. ವ್ಯಾಪಾರ ಅಂದ ಮೇಲೆ ಇದೆಲ್ಲ ಇದ್ದದ್ದೇ.

ಟ್ರಂಕು ಮುಚ್ಚಿದೆ. ತಾನಿನ ಬಟ್ಟೆಯೇ ಸರಿ.

೩೦ ನವೆಂಬರ್

ಲಾಂಗ್‌ಕ್ಲಾತ್ ನಾಲ್ಕು ಪದರ ಹಾಸಿ ಹೊಲಿಯಲು ಕೂತೆ. ಸೂಜಿ ಮೂರು ಸಲ ಬೆರಳಿಗೆ ಹೋಯಿತು. ದರ್ಜಿ ಮುರುಗೇಶನ ಹತ್ತಿರ ಹೋಗಿ ಬೆರಳಿಗೆ ಹಾಕುವ ಅಂಗುಸ್ತಾನ ಇಸ್ಕೊಂಡು ಬಂದೆ. ನನ್ನ ಬೆರಳಿಗೆ ಬಿಗಿ. ಎಣ್ಣೆ ಹಚ್ಚಿ ತೂರಿಸಿದೆ.

ಎರಡು ಸಾಲು ಆಯಿತು. ನೆಟ್ಟಗೆ ಬಂದಿಲ್ಲ. ಪರವಾಗಿಲ್ಲ.

೭ ಡಿಸೆಂಬರ್

ಒಂದು ವಾರ ಬರೆಯಲಿಲ್ಲ, ಹೊಲಿದು ಹೊಲಿದು ಬೆರಳು ಊದಿತ್ತು. ಮೂರರಲ್ಲಿ ಒಂದು ಪಾಲು ಮುಗಿದಿದೆ. ಮುನಿಯಕ್ಕನನ್ನು ಕರೆದು ತೋರಿಸಿದೆ. ಅಂಚು ಹಿಡಿದು ತಿರುವಿ ನೋಡಿದಳು.

“ಏನಮ್ಮಾ, ಹೇಳು.”

“ಏನ್ ಹೇಳನ ಸ್ವಾಮಿ. ಬೆಳ್ಳಗೆ, ಬೋಳ್‌ಬೋಳಾಗಿ... ಆಸ್ಪತ್ರೆ ಹಾಸ್ಗೆ ಬಟ್ಟೆ ಇದ್ದಂಗೈತೆ. ಬೀಗಮ್ಮ ನೋಡಿದ್ರೆ ನಿಮ್ ಅಂಗಡಿದೇ ಅಂತಾರೆ.”

ನಿಜ. ಅನ್ನುತ್ತಾರೆ. ಅನ್ನಿಸಿಕೊಳ್ಳಲು ನಾನು ಐದು ವಾರ ಬೆರಳು ಚುಚ್ಚಿಸಿಕೊಳ್ಳಬೇಕೆ? ಕೂತು ಅಷ್ಟೂ ಹೊಲಿಗೆ ಬಿಚ್ಚಿದೆ. ಬಿಚ್ಚುವುದು ಬೇಗ ಆಗುತ್ತದೆ, ಹಾಳಾಗಿ ಹೋಗಲಿ.

೮ ಡಿಸೆಂಬರ್

ಕಣಗಳನ್ನು ಉಪ್ಪುನೀರಿನಲ್ಲಿ ಅದ್ದಿಸಿದೆ. ಅಬ್ಬಾ! ಬಕೆಟ್ಟಿನ ನೀರೆಲ್ಲ ಕೆಂಪು, ಆಮೇಲೆ ನೇರಳೆ. ಮುನಿಯಕ್ಕ ನೀರು ಚೆಲ್ಲಿ ಚೆಲ್ಲಿ ನಕ್ಕಳು.

“ಒಳ್ಳೆ ವ್ಯಾಪಾರ ಮಾಡೀರಿ ಬಿಡಿ ಸ್ವಾಮಿ.”

ಬೇರೆಯವರು ಅಂದಿದ್ದರೆ ಸುಮ್ಮನಿರುತ್ತಿರಲಿಲ್ಲ. ಇವಳಿಗೆ ಇನ್ನೊಂದು ಬಕೆಟ್ ನೀರು ಸೇದಿಕೊಟ್ಟೆ. ಮೂರು ನೀರು ತೋಯಿಸಿದ ಮೇಲೆ ಬಣ್ಣ ನಿಂತವು ಇಪ್ಪತ್ಮೂರು. ನಾಲ್ಕು ಮಡಿಕೆ ಮಾಡಿ ಸಾಲಾಗಿ ಜೋಡಿಸಿದರೆ ಇಪ್ಪತ್ತು ಸಾಕು.

ಜೋಡಿಸಿದೆ. ಒಂದರ ಅಂಚು ಇನ್ನೊಂದಕ್ಕೆ ಸೇರುವುದಿಲ್ಲ. ಒಂದು ಬೆರಳಿನದು, ಎರಡು ಬೆರಳಿನದು, ಮೂರು ಬೆರಳಿನದು — ಎಲ್ಲ ಬೇರೆ ಬೇರೆ ಗಿಡ್ಡ.

೯ ಡಿಸೆಂಬರ್. ಸಂಜೆ ನಾಲ್ಕು

ಮುರುಗೇಶನನ್ನು ಕೇಳಿದೆ. ಅವನಿಗೆ ಎಲ್ಲ ಸುಲಭ.

“ಎಲ್ಲಾನೂ ಚಿಕ್ಕದರ ಅಳತೆಗೆ ಕತ್ತರಿಸ್ಬಿಡಿ ಸಾರ್. ಮುಗೀತು.”

ಕತ್ತರಿ ತೆಗೆದುಕೊಂಡೆ ಕೂಡ. ಮುನಿಯಕ್ಕ ಅಡ್ಡ ಬಂದಳು. “ಬ್ಯಾಡಿ ಸ್ವಾಮಿ. ಮುತ್ತೈದೆ ಮಡ್ಲಿಗೆ ಬಿದ್ದಿದ್ ಕಣ. ಕತ್ತರಿ ಇಕ್ಕಬ್ಯಾಡಿ.”

ಇಡಲಿಲ್ಲ. ಅವಳು ಹೇಳಿದಳೆಂದು ಮಾತ್ರ ಅಲ್ಲ. ನಾನು ಮೂರು ಬೆರಳು ಉಳಿಸಿಕೊಂಡದ್ದಕ್ಕೆ ಇದ್ದುದರಲ್ಲಿ ಉದ್ದವಿರುವುದನ್ನೂ ಕುಗ್ಗಿಸಬೇಕೆ? ಆಗುವುದಿಲ್ಲ.

ಲಾಂಗ್‌ಕ್ಲಾತ್ ತೆಗೆದೆ. ಪಟ್ಟಿ ಪಟ್ಟಿ ಹರಿದೆ. ಪ್ರತಿ ಕಣಕ್ಕೂ ಎಷ್ಟು ಕಡಿಮೆಯೋ ಅಷ್ಟು ಬಿಳಿ ಪಟ್ಟಿ ಕೂಡಿಸುತ್ತೇನೆ. ಎಲ್ಲ ಮುಕ್ಕಾಲು ಗಜ ಆದ ಮೇಲೆ ಮಡಿಸಿ ಜೋಡಿಸುತ್ತೇನೆ. ಕೆಲಸ ದುಪ್ಪಟ್ಟು. ಇನ್ನು ಹತ್ತೊಂಬತ್ತು ದಿನ. ನಾಳೆಯಿಂದ ಮಧ್ಯಾಹ್ನ ಅಂಗಡಿಗೆ ಹೋಗುವುದಿಲ್ಲ.

೧೫ ಡಿಸೆಂಬರ್

ಹನ್ನೊಂದು ಕಣ ಸರಿಮಾಡಿದೆ. ಈಗ ಕೈ ಓಡುತ್ತದೆ. ದೊರೆಸ್ವಾಮಿ ಮನೆಗೇ ಬಂದ, ಸಹಿ ಬೇಕಿತ್ತಂತೆ. ನನ್ನ ತೊಡೆಯ ಮೇಲೆ ಬಟ್ಟೆ, ಬಾಯಲ್ಲಿ ದಾರ. ನೋಡಿ ನಗು ತಡೆದುಕೊಂಡ. ಬಿಳಿ ಪಟ್ಟಿ ನೋಡಿದ ಮೇಲೆ ನಗಲಿಲ್ಲ. ಅವನಿಗೆ ಗೊತ್ತಲ್ಲ, ಹರಿದವನೇ ಅವನು. ಕಾಫಿ ಕುಡಿದು ಹೋದ.

೨೨ ಡಿಸೆಂಬರ್

ಕೋಣೆಗೆ ಸುಣ್ಣ ಆಯಿತು. ಹಗ್ಗದ ಮಂಚ ಬಿಗಿಸಿದೆ. ಕೌದಿ ಅರ್ಧ. ಚಳಿ. ಬೆರಳು ಸೆಟೆಯುತ್ತದೆ. ಬಿಡುವುದಿಲ್ಲ.

೨೭ ಡಿಸೆಂಬರ್, ಶನಿವಾರ. ಮಧ್ಯಾಹ್ನ ಮೂರು

ಮುಗಿಯಿತು!! ಸೊಟ್ಟ ಇದೆ. ಒಂದು ಮೂಲೆ ಎದ್ದು ನಿಂತಿದೆ. ಮುನಿಯಕ್ಕ ಮೈಮೇಲೆ ಎಳೆದುಕೊಂಡು ನೋಡಿ, “ಬೆಚ್ಚಗೈತೆ” ಎಂದಳು. ಅಷ್ಟು ಸಾಕು. ನಾಳೆ ನಂದಾ ಬರುತ್ತಾಳೆ. ವಾಪಸ್ ಕಳಿಸುವುದಿಲ್ಲ, ಏನಾದರಾಗಲಿ.

೨೮ ಡಿಸೆಂಬರ್. ಸಂಜೆ

ಬಂದರು. ನಂದಾ ಜಟಕಾದಿಂದ ಇಳಿಯುವಾಗ ಅವಳ ಹೊಟ್ಟೆ ನೋಡಿ ಓಡಿಹೋಗಿ ಕೈ ಹಿಡಿದುಕೊಂಡೆ. ಪಕ್ಕದ ಮನೆಯ ಜಾನಕಮ್ಮನವರು ಇನ್ನು ನಾಲ್ಕು ಮುತ್ತೈದೆಯರನ್ನು ಕರೆತಂದು ಮಡಿಲು ತುಂಬಿದರು. ಊಟ ಆಯಿತು. ಆಮೇಲೆ ಶಿವಕುಮಾರಮ್ಮನವರು ಕೋಣೆ ನೋಡಲು ಎದ್ದರು. ಕಿಟಕಿ ಎಳೆದು ನೋಡಿದರು. ಮಂಚ ಅಲುಗಿಸಿ ನೋಡಿದರು. ಕೌದಿ ಎತ್ತಿ ಬೆಳಕಿಗೆ ಹಿಡಿದರು.

“ಹೊಲಿಗೆ ನಿಮ್ಮದೇ, ಒಪ್ಪಿದೆ. ಇಷ್ಟು ಸೊಟ್ಟಕ್ಕೆ ಯಾರೂ ದುಡ್ಡು ತಗೊಳ್ಳಲ್ಲ. ಇದೇನು ಬೀಗರೇ, ಕಣಕ್ಕೆಲ್ಲ ಬಿಳಿ ಪಟ್ಟಿ?”

‘ಅಂದಕ್ಕೆ’ ಎನ್ನಬೇಕೆಂದು ಬಾಯಿ ತೆರೆದೆ. ನಂದಾ ನನ್ನನ್ನೇ ನೋಡುತ್ತಿದ್ದಳು. ಹೆಂಗಸರೆಲ್ಲ ಬಾಗಿಲಲ್ಲಿ. ಆಗಲಿಲ್ಲ.

“ಕಣ ಗಿಡ್ಡ ಇತ್ತಮ್ಮ. ನನ್ನ ಅಂಗಡೀದೇ. ಕೊಡೋ ಕಣ ಅಂತ ನಾನೇ ಕಡಿಮೆ ಹರಿಸ್ತಿದ್ದೆ. ಎಷ್ಟು ಕಡಿಮೆಯೋ ಅಷ್ಟು ಈಗ ಸೇರಿಸಿದೀನಿ.”

ಜಾನಕಮ್ಮನವರು ತಮ್ಮ ಕೈಯಲ್ಲಿದ್ದ ಕಣವನ್ನು ಒಮ್ಮೆ ನೋಡಿಕೊಂಡರು. ನನಗೆ ನೆಲ ಬಾಯಿಬಿಟ್ಟರೆ ಸಾಕಾಗಿತ್ತು.

“ಮದುವೇಲಿ ನಮ್ಮ ಕಡೆಯೋರಿಗೆ ಕೊಟ್ರಲ್ಲ, ಅದೂ?” ಎಂದರು ಶಿವಕುಮಾರಮ್ಮ.

“ಅದೂ.”

“ಶಿವಶಿವಾ! ಬಟ್ಟೇಲಿ ಹೀಗೆ ಮಾಡೋರು ಬಾಣಂತಿಗೆ ತುಪ್ಪ ಎಷ್ಟು ಹಾಕ್ತೀರೋ! ನಡಿಯೇ ನಂದಾ, ಬಸ್ಸಿಗೆ ಹೊತ್ತಾಯ್ತು.”

ಮುಗಿಯಿತು ಎಂದುಕೊಂಡೆ. ನಂದಾ ಮಂಚದ ಮೇಲೆ ಕೂತೇಬಿಟ್ಟಳು. ಕೌದಿ ಎಳೆದು ಕಾಲಮೇಲೆ ಹಾಕಿಕೊಂಡಳು.

“ನಾನು ಬರಲ್ಲ ಅತ್ತೆ. ಅಪ್ಪಾಜಿ ಬಚ್ಚಿಡಬಹುದಿತ್ತು, ಬಚ್ಚಿಡಲಿಲ್ಲ. ನಾನು ಇಲ್ಲೇ ಹೆರ್ತೀನಿ.”

ಅತ್ತೆಗೆ ಎದುರು ಮಾತಾಡಿದ್ದು ಇದೇ ಮೊದಲಂತೆ. ಗಂಗಾಧರಯ್ಯನವರು ಹೊರಗೆ ಪಡಸಾಲೆಯಲ್ಲಿ ಕೆಮ್ಮಿದರು. ಶಿವಕುಮಾರಮ್ಮ ಸೊಸೆಯನ್ನು ನೋಡಿದರು, ನನ್ನ ಬೆರಳುಗಳನ್ನು ನೋಡಿದರು.

“ಇರಲಿ. ಒಂಬತ್ತಕ್ಕೆ ಬಿದ್ದ ಕೂಡಲೆ ನಾನೂ ಬಂದು ಇರ್ತೀನಿ. ತುಪ್ಪ ಮಾತ್ರ ನಾನೇ ಅಳೆಯೋದು, ತಿಳೀತಾ?”

“ಆಗಲಮ್ಮಾ, ನೀವೇ ಅಳೀರಿ” ಎಂದೆ. ಕೈ ಮುಗಿದೆ. ಬಸ್ಸಿಗೆ ಅವರಿಬ್ಬರೇ ಹೋದರು.

೨೯ ಡಿಸೆಂಬರ್. ಬೆಳಿಗ್ಗೆ ಎಂಟು

ನಂದಾ ಕಾಫಿ ಮಾಡಿದಳು. ಕುಡಿಯುತ್ತಾ ಹೆಮ್ಮೆಯಿಂದ ಹೇಳಿದೆ — ನೋಡು, ನಲವತ್ತೊಂದು ಕಣವೂ ನಮ್ಮ ಅಂಗಡಿಯದೇ, ಊರಲ್ಲಿ ಬೇರೆ ಕಡೆ ಯಾರೂ ಕೊಳ್ಳುವುದಿಲ್ಲ.

ಅವಳು ಲೋಟ ಕೆಳಗಿಟ್ಟಳು.

“ಹಾಗಲ್ಲ ಅಪ್ಪಾಜಿ. ಬೇರೆ ಅಂಗಡೀದೂ ಬರ್ತಿತ್ತು. ಅಮ್ಮ ಅದನ್ನ ಬೇರೆಯೋರಿಗೆ ಕೊಡೋಳು. ಎಲ್ಲಿಂದ ಕಣ ಬಂದರೂ ಮೊದಲು ಮೊಳ ಹಾಕಿ ಅಳೆಯೋಳು. ಗಿಡ್ಡ ಇದ್ರೆ ಟ್ರಂಕಿಗೆ. ಒಂದನ್ನೂ ಮನೆಯಿಂದ ಹೊರಗೆ ಬಿಡ್ತಿರಲಿಲ್ಲ.”

“ಯಾಕೆ?”

“ಯಾರಾದರೂ ಒಂದಿನ ಹೊಲಿಸೋಕೆ ಕೊಟ್ಟು ಗೊತ್ತಾಗಿಬಿಟ್ರೆ, ನಿಮ್ಮನ್ನ ಜನ ಆಡಿಕೊಳ್ತಾರೆ ಅಂತ. ‘ಸಿಕ್ಕಷ್ಟನ್ನ ಒಳಗೆ ಇಟ್ಟುಬಿಡ್ತೀನಿ ಕಣೇ, ನಿಮ್ಮಪ್ಪಂಗೆ ಹೇಳಬೇಡ’ ಅಂದಿದ್ಲು.”

ನಂದಾ ಸ್ನಾನಕ್ಕೆ ಹೋದಳು. ನಾನು ಕೋಣೆಗೆ ಬಂದು ಬಾಗಿಲು ಹಾಕಿಕೊಂಡೆ. ಅತ್ತುಬಿಟ್ಟೆ. ಗಿರಿಜಾ ಸತ್ತ ದಿನ ಕೂಡ ಇಷ್ಟು ಅತ್ತಿರಲಿಲ್ಲ.

ಅಷ್ಟು ವರ್ಷ ಒಂದೇ ಮನೆ, ಒಂದೇ ಊಟ. ಅಂಗಡಿಯಿಂದ ಬಂದು ಅವಳೆದುರು ಕೂತು ನನ್ನ ಜಾಣತನ ಹೇಳಿಕೊಂಡು ನಗುತ್ತಿದ್ದೆ. ಅವಳು ಬಡಿಸುತ್ತಿದ್ದಳು.

ಈಗಲೇ ಅಂಗಡಿಗೆ ಹೊರಡುತ್ತೇನೆ. ದೊರೆಸ್ವಾಮಿ ಮೊದಲ ಕಣ ಹರಿಯುವ ಮುಂಚೆ ಅಲ್ಲಿರಬೇಕು. ಪೂರ್ತಿ ಮುಕ್ಕಾಲು ಗಜ. ಕೊಡುವುದಾಗಲಿ, ತೊಡುವುದಾಗಲಿ. ಊರಲ್ಲಿ ಇನ್ನೂ ಎಷ್ಟು ತಿರುಗುತ್ತಿವೆಯೋ, ತಂದವರಿಗೆಲ್ಲ ಬದಲು ಕೊಡುತ್ತೇನೆ, ನಗುವವರು ನಗಲಿ. ಗಿರಿಜಾ, ಬೈಯಬಹುದಿತ್ತಲ್ಲೇ. ಒಂದೇ ಒಂದು ಸಲ ಆ ಕಣ ತಂದು ನನ್ನ ಮುಂದೆ ಹಿಡಿದು, ಇದೇನು ಅಂತ ಕೇಳಿದ್ದರೆ ಸಾಕಿತ್ತು.