ಭೂತಕನ್ನಡಿ ಯಾರ ಕೊರಳಿಗೆ?

ಟೊರಿಡನ್,
ಜೂನ್ ೧೮, ಶನಿವಾರ

ಉತ್ತರ ಸಮುದ್ರದ ಏಕಚ್ಛತ್ರಾಧಿಪತಿಯೂ, ಹಡಗಿನ ಅಡುಗೆಮನೆಯ ಸಾರ್ವಭೌಮನೂ, ಸಮಸ್ತ ಆಲೂಗಡ್ಡೆಗಳ ಪರಮಶತ್ರುವೂ ಆದ ಪ್ರೀತಿಯ ಮರ್ಡೋ ಅಣ್ಣನ ಪಾದಾರವಿಂದಗಳಿಗೆ (ಕಾಲುಚೀಲ ಒಗೆದಿದ್ದರೆ ಮಾತ್ರ) ತಂಗಿ ಇಶ್ಬೆಲ್ ಮಾಡುವ ನಮಸ್ಕಾರಗಳು.

ಆರೋಗ್ಯವೇ? ಅಲೆ ಜೋರಾದರೆ ಈಗಲೂ ವಾಂತಿಯೇ? ಹಾಗಿದ್ದರೆ ಅಜ್ಜಿ ಶುಂಠಿ ಬಿಸ್ಕತ್ತು ಕಳಿಸುತ್ತಾಳಂತೆ. ಇಲ್ಲಿ ನನ್ನ ಹೊಟ್ಟೆಯೊಂದನ್ನು ಬಿಟ್ಟು ಎಲ್ಲವೂ ಸೌಖ್ಯ. ಅದು ಗುರುವಾರದಿಂದ ಉರಿಯುತ್ತಿದೆ. ಕಾರಣ, ನೀನು ಮದುವೆಯಾಗಲಿರುವ ರೋನಾ. ಆದ್ದರಿಂದ ಈ ಪತ್ರವನ್ನು ಸದರಿ ವಿವಾಹಕ್ಕೆ ನನ್ನ ವಿಧಿವತ್ತಾದ ಆಕ್ಷೇಪಣೆ ಎಂದು ಪರಿಗಣಿಸತಕ್ಕದ್ದು.

ನೀನು ದಡ ಸೇರುವವರೆಗೆ ಮನೆಯವರ ಪರಿಚಯವಾಗಲಿ ಎಂದು ಅವಳನ್ನು ಇಲ್ಲಿಗೆ ಕಳಿಸಿದೆಯಲ್ಲ, ಬಂದ ದಿನವೇ ಆ ಗ್ಲಾಸ್ಗೋ ಪೇಟೆಯವಳು ಅಂಗಳದ ಗೋಡೆಯ ಹಾವಸೆ ಕೆರೆದು ತೆಗೆಯಲೇ ಎಂದು, ಹಾವಸೆಗೆ ಪ್ರಾಣ ಬಿಡುವ ಅಜ್ಜಿಯನ್ನೇ ಕೇಳಿದಳು. ಮುಂದಿನ ಬಸ್ಸಿಗೆ ಹತ್ತಿಸುತ್ತಾಳೆ ಎಂದು ನಾನು ಖುಷಿಯಿಂದ ಕಾದೆ. ಅಜ್ಜಿ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಚಹಾ ಆರಿಹೋಗುವವರೆಗೆ ಪಾಠ ಹೇಳಿದಳು. ನನಗೆ ಬಾಲ್ಯವಿಡೀ ಅಜ್ಜಿ ಹೇಳಿದ್ದು ಒಂದೇ ಪಾಠ: ಕೈ ಹಚ್ಚಬೇಡ.

ಅಜ್ಜಿ ‘ಓಡಿಹೋದವಳು’ ಎಂದು ಕರೆಯುವ ಆ ಲಿವರ್‌ವರ್ಟ್ ನಿನಗೆ ನೆನಪಿರಬೇಕು. ಹಾವಸೆಯ ದಾಯಾದಿ, ಹೆಬ್ಬೆರಳುದ್ದದ ತುಕ್ಕುಬಣ್ಣದ ಗುಪ್ಪೆ. ಅಜ್ಜಿಗೆ ಹರೆಯದಲ್ಲಿ ಒಮ್ಮೆ ನಮ್ಮ ಬೆಟ್ಟದ ಬಡಗಣ ಇಳಿಜಾರಿನಲ್ಲಿ ಕಂಡಿದ್ದಳಂತೆ, ಆಮೇಲೆ ಯಾರಿಗೂ ಸಿಕ್ಕಿಲ್ಲ. ಈ ವಸಂತದಲ್ಲಿ ಅಜ್ಜಿ ಸಾರಿಬಿಟ್ಟಳು: ‘ನನ್ನ ಕಾಲು ಮುಂದಿನ ವರ್ಷ ಹತ್ತಲ್ಲ. ಅವಳನ್ನ ಯಾರು ಹುಡುಕ್ತಾರೋ, ಈ ಭೂತಕನ್ನಡಿ ಅವರ ಕೊರಳಿಗೆ.’ ಬೂಟಿನ ದಾರಕ್ಕೆ ಕಟ್ಟಿದ ಆ ಮಸೂರವನ್ನು ಅಜ್ಜಿ ಸ್ನಾನಕ್ಕೂ ತೆಗೆಯುವವಳಲ್ಲ. ಅದು ಎಂದಾದರೂ ನನಗೇ ಸಿಗುತ್ತದೆಂದು ಮೂರು ಬೇಸಿಗೆ ಅಜ್ಜಿಯ ಹಿಂದೆ ಅಲೆದು ಸೊಳ್ಳೆನೊಣಗಳಿಗೆ ನನ್ನ ರಕ್ತ ಧಾರೆಯೆರೆದಿದ್ದೇನೆ.

ಗುರುವಾರ ಮೂವರೂ ಹತ್ತಿದೆವು. ಅಜ್ಜಿ ಕೆಳಗಿನ ಬಂಡೆಯ ಮೇಲೆ ಓಟ್ಸ್ ರೊಟ್ಟಿ, ಚೀಸು ಬಿಚ್ಚಿ ಕುಳಿತಳು. ನಾನು ಮುಂದೆ ಓಡಿ, ನಿನ್ನ ಹಳೆಯ ತುಕ್ಕುಬಣ್ಣದ ಸ್ವೆಟರಿನಿಂದ ಬಿಚ್ಚಿದ ಉಣ್ಣೆಯನ್ನು ಹೆದರ್ ಪೊದೆಯಡಿ ಅಂದವಾಗಿ ನೆಟ್ಟೆ. ರೋನಾ ಬಗ್ಗಿದಳು. ಮುಖದಲ್ಲಿ ನಗುವಿಲ್ಲ, ಕೋಪವೂ ಇಲ್ಲ. ‘ಇದು ಮರ್ಡೋದು ಕಣೇ, ಎಡಗೈ ತೋಳಿಂದು. ನಾನೇ ರಿಪೇರಿ ಮಾಡಿದ್ದೆ’ ಎಂದು ಉಣ್ಣೆಯನ್ನು ಜೇಬಿಗಿಳಿಸಿದಳು. ನಿನ್ನ ತೋಳಿನ ಎಡ ಬಲ ನನಗೇ ಗೊತ್ತಿಲ್ಲ ಅಣ್ಣಾ.

ಆಮೇಲೆ ನಾನು ಆಚೆ ಬಂಡೆಗೆ ಹೋಗಿದ್ದಾಗ ಅವಳು ಅಜ್ಜಿಯನ್ನು ಕೂಗಿದಳು. ಅಜ್ಜಿ ತೆವಳಿಕೊಂಡು ಬಂದು, ಒಂದೇ ಒಂದು ಎಳೆ ಚಿವುಟಿ, ಉಗುಳು ತಾಗಿಸಿ, ಮಸೂರವನ್ನು ಕಣ್ಣಿಗೊತ್ತಿಕೊಂಡಳು. ಎಲೆ ಎರಡಾಗಿ ಮಡಚಿದೆ, ಚಿಕ್ಕ ಮಡಿಕೆ ದೊಡ್ಡದರ ಮೇಲೆ ಮಲಗಿದೆ ಎಂದು ಗೊಣಗಿದಳು. ಅದೇ ಬಣ್ಣದ ಸಾಮಾನ್ಯ ಸೋದರಿಯಂತೆ ಎಲೆ ಕೆಳಕ್ಕೆ ಕೊಕ್ಕೆಯಾಗಿಲ್ಲ, ಅಂಚಿನ ಹಲ್ಲುಗಳು ಉದ್ದ. ‘ಇವಳೇ. ಇಷ್ಟು ದಿನ ಎಲ್ಲಿದ್ಯೇ?’ ಎಂದವಳೇ ದಾರ ತೆಗೆದು ರೋನಾಳ ಕೊರಳಿಗೆ ಹಾಕಿದಳು. ನಾನು ಚಪ್ಪಾಳೆ ತಟ್ಟಿದೆ. ಎಷ್ಟು ಜೋರಾಗಿ ಎಂದರೆ ಅಂಗೈ ಈಗಲೂ ನೋಯುತ್ತಿದೆ. ಆ ಕೊರಳಿಗೆ ಅದು ಒಪ್ಪುವುದೂ ಇಲ್ಲ, ನೀನೇ ಬಂದು ನೋಡು.

ಅಜ್ಜಿಯ ಆಶೀರ್ವಾದ, ಅಮ್ಮನ ಮುತ್ತು, ನಾಯಿಯ ಬೊಗಳು. ಮದುವೆ ಮುಂದೂಡುವ ಬಗ್ಗೆ ಮರುಟಪಾಲಿನಲ್ಲಿ ತಿಳಿಸತಕ್ಕದ್ದು.

ಇಂತಿ, ಅನ್ಯಾಯಕ್ಕೊಳಗಾದ,
ಇಶ್ಬೆಲ್

ಮರೆತಿದ್ದೆ: ಟಪಾಲು ವ್ಯಾನು ಬಂತು, ಬೇಗ ಹೇಳುತ್ತೇನೆ. ಅವಳಿಗೆ ಆ ಗುಪ್ಪೆ ಕಂಡದ್ದು ನಾನು ಎದ್ದುಹೋದ ಜಾಗದಲ್ಲಿ. ಅಷ್ಟೂ ಹೊತ್ತು ನಾನು ಅದರ ಮೇಲೆಯೇ ಮಂಡಿಯೂರಿ ಎದುರಿನ ಬಂಡೆ ಹುಡುಕುತ್ತಿದ್ದೆ. ಅಜ್ಜಿಯನ್ನು ಕರೆಯುವ ಮೊದಲು ರೋನಾ ಬೆರಳಿನಿಂದ ಎಳೆಗಳನ್ನು ಒಂದೊಂದಾಗಿ ಎಬ್ಬಿಸಿ ನಿಲ್ಲಿಸಿದ್ದಳಂತೆ. ಇಳಿಯುವಾಗ ಮೆಲ್ಲಗೆ ಹೇಳಿದಳು, ‘ನಿನ್ನ ಮಂಡಿಯ ಅಚ್ಚು ಅಳಿಸಿಹೋಗಿದೆ ಬಿಡು. ಅಜ್ಜಿಗೆ ಗೊತ್ತಾಗಲ್ಲ.’ ನಾನು ಅವಳನ್ನು ಅತ್ತಿಗೆ ಎಂದು ಕರೆದುಬಿಟ್ಟೆ. ಒಂದೇ ಸಲ.