ಆಣೆಗೆ ಸಿಗದ ಕಾಯಿಲೆ

ಡೊಂಬಿವಲಿ ಪೂರ್ವ
14 ಜನವರಿ 2025

ಪ್ರೀತಿಯ ಕಿಟ್ಟಣ್ಣನಿಗೆ,

ತಂಗಿ ಜಯಲತಾಳ ಸಂಕ್ರಾಂತಿಯ ನಮಸ್ಕಾರ. ಸೊಂಟನೋವು ಹೇಗಿದೆ? ದಿನವಿಡೀ ಹೋಟೆಲಿನ ಗಲ್ಲಾದಲ್ಲಿ ಕೂರಬೇಡ ಎಂದು ವಿಮಲತ್ತಿಗೆ ಹೇಳಿದರೆ ಕೇಳುವ ಜಾತಿ ನೀನಲ್ಲ. ಇಲ್ಲಿ ನಾವೆಲ್ಲ ಕ್ಷೇಮ. ನಿನ್ನ ಕಾಮೋಠೆಗೂ ನಮ್ಮ ಡೊಂಬಿವಲಿಗೂ ಏನು ಮಹಾ ದೂರ, ಆದರೂ ಕಾಗದ ಬರೆಯಬೇಕಾಗಿ ಬಂತು. ಫೋನಿನಲ್ಲಿ ನಮ್ಮ ತಮ್ಮ ಅಕ್ಷಿತನ ಹೆಸರೆತ್ತಿದ ಕೂಡಲೇ ನೀನು ಕಟ್ ಮಾಡುತ್ತೀಯಲ್ಲ. ಕಾಗದವನ್ನು ಹಾಗೆ ಮಾಡಲಾಗದು. ಕೊನೆಯವರೆಗೆ ಓದು.

ಅಕ್ಷಿತನ ಕುಡಿತ ಬಿಡಿಸಲು ನಾವು ಮಾಡಿದ್ದೇನು? ನಮ್ಮ ಕಡೆ ಎಲ್ಲರೂ ಮಾಡುವುದನ್ನೇ ಮಾಡಿದೆವು. ಊರಿಗೆ ಕರೆದೊಯ್ದು ದೈವದ ಎದುರು ಕಾಯಿ ಮುಟ್ಟಿಸಿ ಆಣೆ ಹಾಕಿಸಿದೆವು. ಅವನು ಆಣೆ ಉಳಿಸಿಕೊಂಡಿದ್ದ ಅಣ್ಣ, ಅದನ್ನು ಮರೆಯಬೇಡ. ಒಂದು ತೊಟ್ಟು ಮುಟ್ಟದೆ ಇದ್ದವನು, ನೀನು ಹೇಳದೆ ಮಂಗಳೂರಿಗೆ ಹೋದೆ ಎಂದು ತಿಳಿದಾಗ, ಗಿರಾಕಿಗಳು ತಿನ್ನುತ್ತಿರುವಾಗಲೇ ನಿನ್ನ ಹೋಟೆಲಿನ ಶಟರ್ ಎಳೆದು ದೋಸೆಹಿಟ್ಟಿನ ಪಾತ್ರೆಯನ್ನೇ ಮಗುಚಿದ. ಕುಡಿಯದೆಯೂ ಹೀಗೆಯೇ ಎಂದಾಗ ನಿನಗೆ ಬೇರೇನೂ ತೋಚಲಿಲ್ಲ. "ಹುಟ್ಟುಗುಣ ಸುಟ್ರೂ ಹೋಗುದಿಲ್ಲ. ನಂಗೆ ತಮ್ಮನೇ ಇಲ್ಲ" ಎಂದೆ. ಅವತ್ತೇ ಅವನು ಆಣೆ ಮುರಿದ.

ಆಮೇಲೆ ಅವನನ್ನು ನೆರೂಳದ ಮನೋವೈದ್ಯರು ಶ್ರದ್ಧಾ ಅವರ ಹತ್ತಿರ ಕರೆದೊಯ್ದಾಗ ನಾನು ಈ ಕಥೆಯನ್ನೆಲ್ಲ ಹೇಳಿದೆ. ಅವರು ನಕ್ಕು, "ದಾರೂ ತೋ ಆಧೀ ಬಾತ್ ಹೈ, ದೀದಿ" ಎಂದರು. ಕುಡಿತ ಬರೀ ಅರ್ಧ. ಉಳಿದರ್ಧಕ್ಕೆ ಪರ್ಸನಾಲಿಟಿ ಡಿಸಾರ್ಡರ್ ಎಂದು ಹೆಸರು, ಸ್ವಭಾವವೇ ಹದ ತಪ್ಪುವ ಕಾಯಿಲೆ. ನಾಲ್ಕು ಗಂಟೆ ಕಣ್ಣಿಗೆ ಬೀಳದವರು ತನ್ನನ್ನು ಬಿಟ್ಟೇ ಹೋದರು ಎಂದು ಅವನಿಗೆ ಅನ್ನಿಸುತ್ತದಂತೆ; ಆ ಹೆದರಿಕೆ ಹೊರಗೆ ಬರುವಾಗ ಸಿಟ್ಟಾಗಿ ಬರುತ್ತದಂತೆ. ಇಂಥವನು ನಮ್ಮ ಮನೆಯಲ್ಲೊಬ್ಬನೇ ಎಂದು ನಾನು ತಲೆ ತಗ್ಗಿಸಿ ಕೂತಿದ್ದೆ. ಆದರೆ ಕುಡಿತ ಬಿಡಲು ಬರುವವರಲ್ಲಿ ಹೆಚ್ಚುಕಡಿಮೆ ಅರ್ಧ ಜನಕ್ಕೆ ಇಂಥದ್ದೊಂದು ಜೊತೆಗಿರುತ್ತದಂತೆ, ಮನೋರೋಗಕ್ಕೆ ಔಷಧಿ ತೆಗೆದುಕೊಳ್ಳುವವರಲ್ಲೂ ಬಹಳ ಮಂದಿಗೆ. ಬಾಟಲಿ ಎಲ್ಲರಿಗೂ ಕಾಣುತ್ತದೆ, ಇದನ್ನು ಯಾರೂ ನೋಡುವುದಿಲ್ಲ. ಅವತ್ತು ಎತ್ತಿದ ತಲೆಯನ್ನು ನಾನು ಇನ್ನೂ ತಗ್ಗಿಸಿಲ್ಲ. ಸುಡುವುದೂ ಬೇಡವಂತೆ ಅಣ್ಣ, ಕಲಿಸಿದರೆ ಗುಣ ಬದಲಾಗುತ್ತದಂತೆ. ನಿಧಾನ, ಆದರೆ ಆಗುತ್ತದೆ. ಅಂದಿನಿಂದ ಅವನು ವಾರವಾರ ನೆರೂಳಕ್ಕೆ ಹೋಗುತ್ತಾನೆ, ಉಳಿದ ಹೊತ್ತು ನಮ್ಮ ಹೋಟೆಲಿನಲ್ಲಿ ಕೆಲಸ.

ಈಗ ಕೇಳು, ಮೊನ್ನೆ ಭಾನುವಾರದ ಸಂಗತಿ. ನಮ್ಮ ಮನೆಯವರು ಗ್ರೈಂಡರಿನ ಬೆಲ್ಟ್ ತರಲು ಯಾರಿಗೂ ಹೇಳದೆ ಕಲ್ಯಾಣ್ ಪೇಟೆಗೆ ಹೋಗಿಬಿಟ್ಟರು. ಬೆಳಗಿನ ರಶ್ಶು. "ಭಾವ ಎಲ್ಲಿ?" ಎಂದು ಅಕ್ಷಿತ ಕೇಳಿದ, ಯಾರಿಗೂ ಗೊತ್ತಿಲ್ಲ. ಅವನ ಮುಖ ಕೆಂಪಾಯಿತು, ಕಣ್ಣು ಶಟರಿನ ಕಡೆ ಹೋಯಿತು. ನಾನು ಹಿಟ್ಟಿನ ಪಾತ್ರೆಯನ್ನು ಬದಿಗೆ ಎಳೆದುಕೊಂಡೆ. ಅವನು ಸೀದಾ ಅಡುಗೆಮನೆಗೆ ಹೋಗಿ, ಡಾಕ್ಟರು ಕಲಿಸಿದಂತೆ, ತಣ್ಣೀರಿನ ನಲ್ಲಿಯ ಕೆಳಗೆ ಕೈಯಿಟ್ಟು ನಿಂತ. ಬಹಳ ಹೊತ್ತು ನಿಂತ. ಆಮೇಲೆ ಫೋನ್ ಮಾಡಿ, "ಭಾವ, ಹೇಳದೆ ಹೋದ್ರಲ್ಲ, ನಂಗೆ ಹೆದರಿಕೆ ಆಯ್ತು ಮಾರಾಯ್ರೆ. ಬರುವಾಗ ತೆಂಗಿನಕಾಯಿ ತನ್ನಿ, ಚಟ್ನಿಗೆ ಸಾಲುದಿಲ್ಲ" ಎಂದ. ಅಷ್ಟೇ. ಕೈ ಒರೆಸಿಕೊಂಡು ಹೋಗಿ ಇಡ್ಲಿ ಬಡಿಸಿದ.

ನಾವು ಗೆದ್ದೆವು ಕಿಟ್ಟಣ್ಣ. ಊರವರ ಮಕ್ಕಳು ಸಿ.ಎ. ಪಾಸಾದಾಗ ಪೇಡೆ ಹಂಚುತ್ತಾರೆ. ನಾನು ಅವತ್ತು ಬಂದವರಿಗೆಲ್ಲ ಶೀರಾ ಕೊಟ್ಟೆ, ಏಕೆಂದು ಹೇಳಲಿಲ್ಲ. ಇನ್ನೂ ಎಡವಬಹುದು, ಡಾಕ್ಟರೂ ಹಾಗೇ ಹೇಳಿದ್ದಾರೆ. ಎಡವಿದರೆ ಎದ್ದು ನಿಲ್ಲಲು ಅವನಿಗೀಗ ಗೊತ್ತಿದೆ. ಈ ಕಾಗದವನ್ನು ಅವನಿಗೆ ಓದಲು ಕೊಟ್ಟೇ ಮಡಚುತ್ತಿದ್ದೇನೆ, ಅವನ ಬೆನ್ನ ಹಿಂದೆ ಏನನ್ನೂ ಬರೆದಿಲ್ಲ.

ಅತ್ತಿಗೆಗೆ ನಮಸ್ಕಾರ, ಮಗಳು ಅಶ್ಮಿತಾಳಿಗೆ ಮುತ್ತು. ನಿನ್ನ ಸೊಂಟಕ್ಕೂ ಸಿಟ್ಟಿಗೂ ದೇವರು ಆರಾಮ ಕೊಡಲಿ.

ನಿನ್ನ ತಂಗಿ,
ಜಯಲತಾ

ಅವಸರದಲ್ಲಿ ಇನ್ನೊಂದು ಮಾತು: ಇದನ್ನು ಅಂಚೆಗೆ ಹಾಕಿಲ್ಲ. ನಿನ್ನ ವೇಟರ್ ಕೈಯಲ್ಲಿ ಒಳಗೆ ಕಳಿಸಿದವನು ಅಕ್ಷಿತನೇ. ನೀನು ಇದನ್ನು ಓದುವ ಹೊತ್ತಿಗೆ ಎಳ್ಳುಂಡೆಯ ಡಬ್ಬಿ ಹಿಡಿದು ನಿನ್ನ ಹೋಟೆಲಿನ ಎದುರು, ರಸ್ತೆಯ ಆಚೆ ನಿಂತಿರುತ್ತಾನೆ. ನೀನು ಕರೆಯದಿದ್ದರೆ ಗಲಾಟೆಯಿಲ್ಲದೆ ವಾಪಸ್ಸು ಬರುತ್ತಾನೆ, ಅದನ್ನೂ ಕಲಿತಿದ್ದಾನೆ. ಕರೆದರೆ ಮಾತ್ರ ಆಣೆ ಹಾಕಿಸಬೇಡ. ಊಟ ಆಯ್ತಾ ಎಂದು ಕೇಳು, ಸಾಕು.