ಮದಲೇನಮ್ಮ ಗೀಟು ಎಳೆದ ಪುಟಗಳು

ಶಿಲುಬೆಕೊಪ್ಪಲು
ಫೆಬ್ರವರಿ ಮೂವತ್ತು, 2231

ಮಕ್ಕಳನ್ನು ಮನೆಯಲ್ಲೇ ಓದಿಸಲು ಹೊರಟಿರುವ ನಮ್ಮ ಹಿರಿಯರಿಗೆ, ವೆರೋನಿಕಮ್ಮ ಮಾಡುವ ನಮಸ್ಕಾರಗಳು.

ಈ ಕತೆಯನ್ನು ಮೊದಲು ಹೇಳಿದವರು ನಮ್ಮೂರಿನ ಮದಲೇನಮ್ಮ. ಹೇಳಿದ್ದು 2179ರ ಅಕ್ಟೋಬರ್ ತಿಂಗಳ ಮೊದಲ ಭಾನುವಾರ, ಸಂಜೆಯ ಜಪಸರ ಮುಗಿದ ಮೇಲೆ, ಚರ್ಚಿನ ಮೆಟ್ಟಿಲ ಮೇಲೆ ಕುಳಿತು. ನನಗೆ ಆಗ ಆರು ವರ್ಷ. ತಾಯಿಯ ಮಡಿಲಲ್ಲಿ ಕುಳಿತು ಕಡಲೆಕಾಯಿ ತಿನ್ನುತ್ತ ಕೇಳಿದ್ದೆ. ಆಮೇಲೆ ಮದಲೇನಮ್ಮನ ಬಾಯಿಂದಲೇ ಇಪ್ಪತ್ತು ಸಲ ಕೇಳಿದ್ದೇನೆ. ಪ್ರತಿ ಸಲವೂ ಒಂದಿಷ್ಟು ಹೆಚ್ಚಾಗುತ್ತಿತ್ತು. ಹೆಚ್ಚಾದದ್ದನ್ನು ನಾನು ಕಡಿಮೆ ಮಾಡಿಲ್ಲ.

ಮೇಲಿನ ದಿನಾಂಕ ನೋಡಿ ನೀವು ನಕ್ಕಿರಬಹುದು. ನಿಮ್ಮ ಕಾಲದ ಫೆಬ್ರವರಿಗೆ ಮೂವತ್ತು ದಿನ ಇರಲಿಲ್ಲ ಎಂಬುದು ನನಗೆ ಗೊತ್ತು. ಪಾಪ, ಆ ತಿಂಗಳೊಂದೇ ಯಾಕೆ ಸೊರಗಿರಬೇಕು ಎಂದು ನಮ್ಮ ತಾತಂದಿರು ಜನವರಿಯಿಂದ ಒಂದು, ಮಾರ್ಚಿನಿಂದ ಒಂದು ದಿನ ತೆಗೆದು ಅದಕ್ಕೆ ಕೊಟ್ಟರು. ನನ್ನ ಮಾತುಗಳಲ್ಲಿ ಕೆಲವು ನಿಮಗೆ ಹೊಸದಾಗಿ ಕೇಳಿಸಿದರೆ ಮನ್ನಿಸಿ. ಈ ಕಾಗದವನ್ನು ನಿಮಗೆ ತಲುಪಿಸುವುದು ಹಿಮ್ಮೊಗದಂಚೆ, ಅಂದರೆ ಕಳೆದುಹೋದ ಕಾಲಕ್ಕೆ ನಡೆದುಹೋಗುವ ಅಂಚೆ. ಅದಕ್ಕೆ ಕಟ್ಟುನಿಟ್ಟು ಬಹಳ. ಮಳೆ, ಬೆಳೆ, ಚುನಾವಣೆ, ಕಾಯಿಲೆ ಯಾವುದರ ಸುದ್ದಿಯನ್ನೂ ಬರೆಯುವ ಹಾಗಿಲ್ಲ. ಅಡುಗೆ, ಮಕ್ಕಳು, ದೇವರು ಈ ಮೂರರ ಬಗ್ಗೆ ಎಷ್ಟು ಬೇಕಾದರೂ ಬರೆಯಬಹುದು. ನನಗೂ ಬೇರೆ ಏನು ಗೊತ್ತಿದೆ?

ನಮ್ಮೂರು ಜಲಾಶಯದ ಅಂಚಿನಲ್ಲಿದೆ. ಮನೆಗಳಿಗೆಲ್ಲ ಬಿಸಿಲುಹೆಂಚು. ಹಗಲಿಡೀ ಬಿಸಿಲು ಕುಡಿದು ಸಂಜೆ ಒಲೆಗೂ ದೀಪಕ್ಕೂ ಕೊಡುವ ಹೆಂಚು ಅದು. ಮೋಡ ಕವಿದ ದಿನ ಮಾತ್ರ ಮುದ್ದೆ ಅರೆಬೆಂದು ಗಂಡಸರ ಮುಖ ಸಣ್ಣಗಾಗುತ್ತದೆ. ಪಟ್ಟಣಕ್ಕೆ ತೇಲುಗಾಡಿ ಬೆಳಿಗ್ಗೆ ಒಂದು, ಸಂಜೆ ಒಂದು. ಶಾಲೆ ಎಂಬ ಕಟ್ಟಡ ಪಟ್ಟಣದಲ್ಲಷ್ಟೇ ಇದೆ. ಊರುಗಳಲ್ಲಿ ಮಕ್ಕಳಿಗೆ ತಾಯಿತಂದೆಯರೇ ಮನೆಯಲ್ಲಿ ಕಲಿಸುತ್ತಾರೆ. ಕಲಿಸಬೇಕಾದದ್ದೆಲ್ಲ ಪಾಠಪೆಟ್ಟಿಗೆಯಲ್ಲಿ ಸಿದ್ಧವಾಗಿ ಬರುತ್ತದೆ: ವರ್ಷದ ಪ್ರತಿ ದಿನಕ್ಕೆ ಇಷ್ಟು ಲೆಕ್ಕ, ಇಷ್ಟು ಓದು, ಇಷ್ಟು ಜ್ಞಾನೋಪದೇಶ, ಆಯಾ ಸಂತರ ಹಬ್ಬಕ್ಕೆ ಇಂಥ ಕೈಕೆಲಸ ಎಂದು ಯಾರೋ ಕುಳಿತು ಬರೆದಿಟ್ಟಿರುತ್ತಾರೆ. ಅಕ್ಟೋಬರ್ ಮೊದಲ ಭಾನುವಾರ ನಮ್ಮಲ್ಲಿ ಪೆಟ್ಟಿಗೆ ಭಾನುವಾರ. ಪೂಜೆ ಮುಗಿದ ಮೇಲೆ ಚರ್ಚಿನ ಅಂಗಳದ ಬೆಂಚುಗಳ ಮೇಲೆ ದೇಶದೇಶದ ಪೆಟ್ಟಿಗೆಗಳನ್ನು ಸಾಲಾಗಿ ಇಡುತ್ತಾರೆ. ಬೇಕಾದದ್ದನ್ನು ಹೊತ್ತುಕೊಂಡು ಹೋಗಿ ನಲವತ್ತು ದಿನ ಮನೆಯಲ್ಲಿಟ್ಟು ನೋಡಬೇಕು. ನಲವತ್ತನೆಯ ದಿನ ಉಪದೇಶಿ, ಅಂದರೆ ನಮ್ಮ ಧರ್ಮಕೇಂದ್ರದಲ್ಲಿ ಮಕ್ಕಳಿಗೆ ಜ್ಞಾನೋಪದೇಶ ಹೇಳುವವರು, ಮನೆಗೆ ಬಂದು ಮಗುವನ್ನು ಮಾತನಾಡಿಸುತ್ತಾರೆ. ಅಂದೇ ಪೆಟ್ಟಿಗೆ ವಾಪಸು ಕೊಡಬೇಕು, ಇಲ್ಲವೇ ಏಳು ವರ್ಷ ಇಟ್ಟುಕೊಳ್ಳುವುದಾಗಿ ಸಹಿ ಹಾಕಬೇಕು.

ಈ ಕತೆ ನಡೆದಾಗ ಮದಲೇನಮ್ಮ ಇಪ್ಪತ್ತೊಂಬತ್ತು ವರ್ಷದವಳು. ಗಂಡ ಅರುಳಪ್ಪ ಗಾಳಿರಾಟೆ ರಿಪೇರಿ ಮಾಡುವವನು. ಮಗಳು ಲೂಸಿಯಾ, ಒಂಬತ್ತು ವರ್ಷ, ಬೆಳಿಗ್ಗೆ ಕಣ್ಣು ಬಿಟ್ಟರೆ ಪ್ರಶ್ನೆ, ಮಲಗುವ ತನಕ ಪ್ರಶ್ನೆ. ಮದಲೇನಮ್ಮನಿಗೆ ತನ್ನ ಓದಿನ ಮೇಲೆ ನಂಬಿಕೆ ಇರಲಿಲ್ಲ. ಗಂಡನ ಅಕ್ಕ ವಿತೋರಿಯಮ್ಮ ಪಟ್ಟಣದ ಶಾಲೆಯಲ್ಲಿ ಟೀಚರು. ಬಂದಾಗಲೆಲ್ಲ ಹುಡುಗಿಯನ್ನು ನನ್ನ ಜೊತೆ ಕಳಿಸು, ಅಲ್ಲೇ ಏಳು ವರ್ಷ ಓದಲಿ, ನಿನ್ನ ಕೈಲಿ ಇದು ಆಗುವ ಕೆಲಸವಲ್ಲ ಎನ್ನುತ್ತಿದ್ದರು. ಕೊನೆಗೆ ಒಂದು ಮಾತಾಯಿತು. ನಲವತ್ತನೆಯ ದಿನ ಉಪದೇಶಿಗಳು ಲೂಸಿಯಾ ಚೆನ್ನಾಗಿ ಕಲಿಯುತ್ತಿದ್ದಾಳೆ ಎಂದರೆ ಅವಳು ತಾಯಿಯ ಹತ್ತಿರ ಇರಬೇಕು, ಇಲ್ಲವೆಂದರೆ ಮರುದಿನದ ತೇಲುಗಾಡಿಗೆ ಸೋದರತ್ತೆಯ ಜೊತೆ ಹತ್ತಬೇಕು.

ಹೀಗಾಗಿ ಮದಲೇನಮ್ಮ ಅಂಗಳದಲ್ಲಿ ಎರಡು ಸುತ್ತು ಹಾಕಿದಳು. ಕರಾವಳಿಯ ಪೆಟ್ಟಿಗೆಯ ತುಂಬ ಹಾಡು. ಇನ್ನೊಂದು ತಾನೇ ಮಾತನಾಡುವ ಪೆಟ್ಟಿಗೆ. ಮಗು ಎರಡೂ ಎರಡೂ ಐದು ಎಂದರೂ ಅದು ಬಲು ಜಾಣೆ ಎನ್ನುತ್ತಿತ್ತು. ಮೂಲೆಯಲ್ಲಿ ಹಿಮ ಬೀಳುವ ಯಾವುದೋ ದೇಶದ ಕನ್ಯಾಸ್ತ್ರೀಯರು ಸಿದ್ಧಪಡಿಸಿದ ದೊಡ್ಡಪೆಟ್ಟಿಗೆ ಇತ್ತು. ಅದರ ಪುಸ್ತಕಗಳನ್ನು ಕನ್ನಡಕ್ಕೆ ತಂದು, ನಮ್ಮ ಬಾಳೆನಾರಿನ ಕಾಗದದ ಮೇಲೆ ಅಚ್ಚು ಹಾಕಿದ್ದರು. ಮದಲೇನಮ್ಮ ಸಂತೆಯಲ್ಲಿ ಕುಂಬಳಕಾಯಿ ನೋಡುವ ಹಾಗೆ ಒಂದೊಂದನ್ನೂ ಎತ್ತಿ ನೋಡಿದಳು. ದೊಡ್ಡಪೆಟ್ಟಿಗೆ ಎಲ್ಲಕ್ಕಿಂತ ಭಾರ. ಭಾರ ಇದ್ದರೆ ವಿದ್ಯೆಯೂ ಹೆಚ್ಚಿರಬೇಕು ಎಂದುಕೊಂಡು ಅದನ್ನೇ ಅರುಳಪ್ಪನ ತಲೆಗೆ ಏರಿಸಿದಳು.

ಈಗ ಅವಳು ಮಾಡಿದ ತಪ್ಪು ಕೇಳಿ. ನಮ್ಮ ಜನ ಜಪಸರ ಹಿಡಿದರೆ ಒಂದು ಮಣಿಯನ್ನೂ ಹಾರಿಸುವುದಿಲ್ಲ. ಮದಲೇನಮ್ಮ ಪಾಠಪುಸ್ತಕವನ್ನೂ ಹಾಗೆಯೇ ಹಿಡಿದಳು. ಏಳಕ್ಕೆ ಪ್ರಾರ್ಥನೆ, ಏಳೂ ಇಪ್ಪತ್ತಕ್ಕೆ ಲ್ಯಾಟಿನ್, ಎಂಟಕ್ಕೆ ಲೆಕ್ಕ. ಬೇಕಾದವರು ಮಾಡಬಹುದು ಎಂದು ಸಣ್ಣಕ್ಷರದಲ್ಲಿ ಬರೆದದ್ದನ್ನು ಮೊದಲು ಮಾಡಿದಳು. ಮೊದಲ ಹಿಮವನ್ನು ಬೊಗಸೆಯಲ್ಲಿ ಹಿಡಿದು ಭೂತಗನ್ನಡಿಯಲ್ಲಿ ನೋಡಿರಿ ಎಂದಿತ್ತು. ನಮ್ಮೂರಿಗೂ ಹಿಮಕ್ಕೂ ಏನು ಸಂಬಂಧ? ಆಕೆ ಮೀನಿನ ಐಸುಮನೆಗೆ ಹೋಗಿ ಗೋಡೆ ಕೆರೆದು ಚೊಂಬಿನಲ್ಲಿ ತಂದಳು. ಮಗಳು ಕನ್ನಡಿಯಲ್ಲಿ ನೋಡಿ ಒಂದು ಮೀನಿನ ಹುರುಪೆ ಇದೆ ಎಂದಳು. ಬೆಂಕಿಯಲ್ಲಿ ಸುಟ್ಟು ತಿನ್ನಲು ಯಾವುದೋ ಕಾಡುಕಾಯಿ ಬೇಕಿತ್ತು. ಮದಲೇನಮ್ಮ ಹಲಸಿನ ಬೀಜ ಸುಟ್ಟಳು. ಮಗು ಖುಷಿಯಾಗಿ ತಿಂದರೆ ತಾಯಿಗೆ ಮಾತ್ರ ಕಳ್ಳತನ ಮಾಡಿದ ಹಾಗಾಯಿತು.

ಮೂರನೆಯ ವಾರಕ್ಕೆ ಹಾಲು ಉಕ್ಕುತ್ತಿತ್ತು, ಸಾರು ಸೀಯುತ್ತಿತ್ತು. ಅರುಳಪ್ಪ ತಣ್ಣನೆಯ ಮುದ್ದೆ ನುಂಗಿ, ಈ ಮನೆಯಲ್ಲಿ ಲ್ಯಾಟಿನ್ ಒಂದೇ ಬಿಸಿಯಾಗಿದೆ ಎಂದು ಹೇಳಿ ಕೆಲಸಕ್ಕೆ ಹೋಗುತ್ತಿದ್ದ. ಅದಕ್ಕಿಂತ ದೊಡ್ಡ ಸಂಗತಿಯೊಂದು ನಡೆದಿತ್ತು. ಲೂಸಿಯಾ ಪ್ರಶ್ನೆ ಕೇಳುವುದನ್ನು ನಿಲ್ಲಿಸಿಬಿಟ್ಟಿದ್ದಳು. ಹೇಳಿದ್ದನ್ನು ಬರೆದು, ತಿರುಗಿ ಒಪ್ಪಿಸಿ, ಸುಮ್ಮನೆ ಕೂರುತ್ತಿದ್ದಳು. ಮನೆ ಎಷ್ಟು ಸದ್ದಿಲ್ಲದೆ ಇತ್ತೆಂದರೆ ಗಡಿಯಾರ ಇರುವುದು ಆಗ ಗೊತ್ತಾಯಿತು ಎನ್ನುತ್ತಿದ್ದಳು ಮದಲೇನಮ್ಮ. ಹೆದರಿ ಕೆಲವು ಪಾಠಗಳನ್ನು ಬಿಟ್ಟಳು. ಬಿಟ್ಟದ್ದಕ್ಕೆ ಮತ್ತೆ ಹೆದರಿದಳು. ಶನಿವಾರ ತಲೆಗೆ ಸೆರಗು ಹೊದ್ದು ಪಾಪನಿವೇದನೆಗೆ ಹೋದಳು.

ಅಲ್ಲಿ ನಡೆದದ್ದನ್ನು ಚರ್ಚಿನ ಸ್ವಾಮಿಯವರು ಯಾರಿಗೂ ಹೇಳುವ ಹಾಗಿಲ್ಲ. ಹೇಳಿದವಳು ಮದಲೇನಮ್ಮನೇ, ಅದೂ ಇಡೀ ಊರಿಗೆ. ಮೊದಲು ಸಿಟ್ಟು ಮಾಡಿದ್ದನ್ನು ಹೇಳಿದಳು. ನೆರೆಯವಳ ಕೋಳಿಗೆ ಕಲ್ಲು ಹೊಡೆದದ್ದನ್ನು ಹೇಳಿದಳು. ಆಮೇಲೆ ದನಿ ತಗ್ಗಿಸಿ, ದೊಡ್ಡಪೆಟ್ಟಿಗೆಯ ಪುಸ್ತಕದಲ್ಲಿ ಹದಿನೇಳು ಪುಟ ಬಿಟ್ಟಿದ್ದೇನೆ ಎಂದಳು. ಇಬ್ಬರ ನಡುವಿನ ಜಾಲರಿಯ ಆ ಕಡೆ ಒಂದು ಕೆಮ್ಮು ಕೇಳಿಸಿತು. ಇದು ಕ್ಷಮೆ ಇಲ್ಲದ ಪಾಪವೇ ಇರಬೇಕೆಂದು ಅವಳು ಬೆವರಿದಳು. ನೋಡಿದರೆ ಜಾಲರಿ ಸಣ್ಣಗೆ ಅಲುಗುತ್ತಿದೆ. ಸ್ವಾಮಿಯವರು ನಗು ತಡೆದುಕೊಂಡು ಹಣೆಯನ್ನು ಅದಕ್ಕೆ ಆನಿಸಿದ್ದರು.

"ಅಮ್ಮಾ, ಆ ಪುಸ್ತಕ ಬರೆದೋರು ನಿನ್ನ ಮಗಳನ್ನ ನೋಡಿದಾರಾ?"

"ಇಲ್ಲ ಸ್ವಾಮಿ."

"ನೀನು ನೋಡಿದೀಯಾ?"

"ದಿನಾ ನೋಡ್ತೀನಲ್ಲ ಸ್ವಾಮಿ."

"ಈ ಮೂರು ವಾರ ನೋಡಿಲ್ಲ ನೀನು. ಪುಸ್ತಕ ನೋಡಿದೀಯ. ಸಿಟ್ಟಿಗೆ ಒಂದು ಜಪಸರ ಹೇಳು, ಕೋಳಿಗೆ ಒಂದು. ಪುಟ ಬಿಟ್ಟಿದ್ದು ಪಾಪ ಅಲ್ಲ. ಆದರೂ ನಿನಗೆ ಒಂದು ಕೆಲಸ ಕೊಡ್ತೀನಿ. ಮನೆಗೆ ಹೋಗಿ ಇನ್ನೂ ಹದಿನೇಳು ಪುಟಕ್ಕೆ ಗೀಟು ಹಾಕು. ಪೆನ್ಸಿಲಲ್ಲಿ ಹಾಕು, ಶಾಯಿ ಬೇಡ."

ಇದು ಸುಲಭದ ಪ್ರಾಯಶ್ಚಿತ್ತ ಎಂದುಕೊಂಡು ಬಂದಳು. ಕುಳಿತ ಮೇಲೆ ಕಷ್ಟ ತಿಳಿಯಿತು. ಯಾವ ಪುಟ ಬೇಡ ಎನ್ನಲು ಮೊದಲು ಮಗಳ ಮುಖ ನೋಡಬೇಕಲ್ಲ. ಮೊದಲ ಗೀಟು ಹಿಮಕ್ಕೆ ಬಿತ್ತು, ಅದಕ್ಕೆ ಯೋಚನೆ ಬೇಕಿರಲಿಲ್ಲ. ಭಿನ್ನರಾಶಿಯ ಪಾಠಕ್ಕೂ ಹಾಕೋಣವೆಂದರೆ, ರೊಟ್ಟಿ ಹರಿದು ನಾಲ್ಕರಲ್ಲಿ ಮೂರು ಭಾಗ ಅಪ್ಪನಿಗೆ ಯಾಕೆ ಎಂದು ಲೂಸಿಯಾ ಜಗಳ ತೆಗೆದಳು. ಆ ಪುಟ ಉಳಿಯಿತು. ಲ್ಯಾಟಿನ್ ಅರ್ಧ ಹೋಯಿತು, ಕನ್ನಡದ ಪ್ರಾರ್ಥನೆಗಳು ಉಳಿದವು. ಸಂತರ ಕತೆಗಳಲ್ಲಿ ಒಂದಕ್ಕೂ ಗೀಟು ಬೀಳಲಿಲ್ಲ, ಅವನ್ನು ತಾಯಿಯೇ ಬಿಡಲೊಲ್ಲಳು. ವಾರ ಕಳೆಯುವುದರೊಳಗೆ ಮನೆಯಲ್ಲಿ ಗಡಿಯಾರ ಕೇಳಿಸದಷ್ಟು ಪ್ರಶ್ನೆಗಳು ಶುರುವಾದವು. ಮುದ್ದೆಯೂ ಬಿಸಿಯಾಯಿತು.

ನಲವತ್ತನೆಯ ದಿನ ಉಪದೇಶಿ ಚಿನ್ನಪ್ಪ ಬಂದರು. ಅವರ ಮನೆತನದ ಕಸುಬು ಜಲಾಶಯದಲ್ಲಿ ಮೀನು ಹಿಡಿಯುವುದು. ವಿತೋರಿಯಮ್ಮ ಬೆಳಗಿನ ತೇಲುಗಾಡಿಗೇ ಬಂದು, ಪುಸ್ತಕ ತಿರುವಿ, ಗೀಟುಗಳನ್ನು ನೋಡಿ ಹುಬ್ಬೇರಿಸಿ ಕುಳಿತಿದ್ದರು. ಲೂಸಿಯಾ ಹತ್ತು ಕಟ್ಟಳೆಗಳನ್ನು ತಪ್ಪಿಲ್ಲದೆ ಹೇಳಿದಳು. ಪರಲೋಕ ಮಂತ್ರವನ್ನು ಲ್ಯಾಟಿನ್ನಿನಲ್ಲಿ ಅರ್ಧ ಹೇಳಿ ನಿಂತುಬಿಟ್ಟಳು. ವಿತೋರಿಯಮ್ಮನ ಹುಬ್ಬು ಇನ್ನಷ್ಟು ಮೇಲೇರಿತು. ಬಾಗಿಲ ಹಿಂದೆ ನಿಂತ ಮದಲೇನಮ್ಮ ಮಗಳ ಬಟ್ಟೆಗಂಟು ಕಟ್ಟುವುದನ್ನು ಮನಸ್ಸಿನಲ್ಲೇ ನೋಡಿದಳು. ಉಪದೇಶಿಗಳು ಶುಭಸಂದೇಶ ತೆಗೆದು, ಯೇಸುಸ್ವಾಮಿ ಕರೆದಾಗ ಇಬ್ಬರು ಬೆಸ್ತ ಅಣ್ಣತಮ್ಮಂದಿರು ತಂದೆಯನ್ನೂ ಬಲೆಯನ್ನೂ ಬಿಟ್ಟು ಹಿಂದೆ ಹೋದ ಭಾಗವನ್ನು ಓದಿಸಿ, ಇದರಿಂದ ಏನು ತಿಳಿಯಿತು ಮಗಳೇ ಎಂದು ಕೇಳಿದರು.

ಪುಸ್ತಕದಲ್ಲಿ ಅದಕ್ಕೆ ಸಿದ್ಧ ಉತ್ತರ ಇತ್ತು. ಲೂಸಿಯಾ ಅದನ್ನು ಹೇಳಲಿಲ್ಲ. "ಅವರು ಹೋಗ್ಬಿಟ್ರಲ್ಲ, ಆವತ್ತು ಅವರ ಮನೇಲಿ ಸಾರಿಗೆ ಏನು ಹಾಕಿದ್ರು?" ಎಂದಳು.

ಅವರ ತಂದೆ ಜೆಬೆದಾಯ ದೋಣಿಯಲ್ಲೇ ಉಳಿದನಲ್ಲ, ಅವನು ಮೀನು ತಂದಿರುತ್ತಾನೆ ಎಂದರು ಉಪದೇಶಿ.

"ಹಂಗಾದ್ರೆ ಮನೇಗೆ ಹೋಗಿ ಹೆಂಡ್ತಿಗೆ ಹೇಳೋ ಕೆಲಸ ಆ ತಾತನಿಗೇ ಬಿತ್ತು. ಪಾಪ. ಇಬ್ರೂ ಮಕ್ಕಳು ಎಲ್ಲಿ ಅಂತ ಆಯಮ್ಮ ಕೇಳಿದಾಗ ತಾತ ಏನಂದ?"

ಚಿನ್ನಪ್ಪ ಪುಸ್ತಕ ಮುಚ್ಚಿದರು. "ಮೂವತ್ತು ವರ್ಷದಿಂದ ಇದನ್ನ ಓದಿಸ್ತಾ ಇದೀನಿ ವಿತೋರಿಯಮ್ಮ. ಬೆಸ್ತರ ಮನೇಲೇ ಹುಟ್ಟಿದೋನು ನಾನು. ಆ ತಾಯಿ ಬಗ್ಗೆ ಒಂದು ದಿನಾನೂ ಯೋಚನೆ ಮಾಡಿಲ್ಲ ನೋಡಿ," ಎಂದರು. ಆಮೇಲೆ ಮಗುವೂ ಅವರೂ ಜೆಬೆದಾಯ ಹೆಂಡತಿಗೆ ಏನು ಹೇಳಿರಬಹುದೆಂದು ಅರ್ಧ ಗಂಟೆ ಮಾತನಾಡಿದರು. ಹೊರಡುವಾಗ, ಈ ಹುಡುಗಿ ಇಲ್ಲೇ ಕಲಿಯಲಿ ಎಂದು ಬರೆದುಕೊಟ್ಟರು.

ಬಾಗಿಲ ಹಿಂದಿದ್ದವಳು ಸೆರಗಿನಿಂದ ಮುಖ ಒರೆಸಿಕೊಂಡು ಹೊರಗೆ ಬಂದು, ದೊಡ್ಡಪೆಟ್ಟಿಗೆಯ ಪತ್ರಕ್ಕೇ ಏಳು ವರ್ಷದ ಸಹಿ ಹಾಕಿದಳು. ವಿತೋರಿಯಮ್ಮನಿಗೆ ಇದು ಅರ್ಥವಾಗಲಿಲ್ಲ. ಮಗು ಗೆದ್ದದ್ದು ಸರಿ, ಅರ್ಧಕ್ಕರ್ಧ ಗೀಟು ಹಾಕಿದ ಪುಸ್ತಕವನ್ನು ಯಾಕೆ ಇಟ್ಟುಕೊಳ್ಳುತ್ತೀಯ, ಹಗುರದ್ದೊಂದು ತರಬಹುದಲ್ಲ ಎಂದರು.

"ಕ್ರಿಸ್‌ಮಸ್ಸಿಗೆ ರೆಡಿಮೇಡ್ ಫ್ರಾಕು ತರ್ತೀವಲ್ಲ ಅಕ್ಕಾ, ಒಂದಳತೆ ದೊಡ್ಡದೇ ತರೋದು. ಮನೇಗೆ ತಂದು ಮಡಿಕೆ ಹಾಕಿ ಹೊಲೀತೀವಿ. ಮಗು ಬೆಳೆದ ಹಂಗೆ ಒಂದೊಂದೇ ಮಡಿಕೆ ಬಿಚ್ತೀವಿ. ನನಗೆ ಬಟ್ಟೆ ನೇಯಕ್ಕೆ ಬರಲ್ಲ. ಮಡಿಕೆ ಹಾಕಕ್ಕೆ ಬರುತ್ತೆ," ಎಂದಳು ಮದಲೇನಮ್ಮ. ಶಾಯಿ ಬೇಡ ಎಂದು ಸ್ವಾಮಿಯವರು ಯಾಕೆ ಹೇಳಿದ್ದರೆಂಬುದು ಈ ಮಾತು ಆಡುವಾಗಲೇ ಅವಳಿಗೂ ಹೊಳೆಯಿತಂತೆ.

ವಿತೋರಿಯಮ್ಮ ಪುಸ್ತಕವನ್ನು ಮತ್ತೆ ಎತ್ತಿಕೊಂಡು ಗೀಟುಗಳನ್ನು ಒಂದೊಂದಾಗಿ ನೋಡಿದರು. ಆಮೇಲೆ, ಮಡಿಕೆಯೊಳಗೆ ಹೋದ ಲ್ಯಾಟಿನ್ನನ್ನು ತಾವು ತಿಂಗಳಿಗೊಂದು ಭಾನುವಾರ ಬಂದು ಬಿಚ್ಚುವುದಾಗಿ ಹೇಳಿದರು. ಆ ಮಾತನ್ನು ಏಳು ವರ್ಷ ನಡೆಸಿದರು. ಬಂದಾಗಲೆಲ್ಲ ಬಿಸಿ ಮುದ್ದೆ ಉಂಡು ಹೋದರು.

ಹಿರಿಯರೇ, ನಿಮ್ಮ ಮೇಜಿನ ಮೇಲೂ ಈ ಹೊತ್ತು ಎರಡು ಮೂರು ಪಠ್ಯಕ್ರಮಗಳು ಹರಡಿರಬಹುದು. ಯಾವುದರಲ್ಲಿ ಧರ್ಮಬೋಧನೆ ಸಾಕಷ್ಟಿದೆ, ಯಾವುದರಲ್ಲಿ ಗಣಿತ ಗಟ್ಟಿ, ತಪ್ಪು ಆರಿಸಿದರೆ ಮಗುವಿನ ಗತಿ ಏನು ಎಂದು ಗಂಡ ಹೆಂಡತಿ ಮುಖ ಮುಖ ನೋಡುತ್ತಿರಬಹುದು. ಶಾಲೆಗೆ ಕಳಿಸಲಿಲ್ಲವೇ ಎಂದು ನೆಂಟರು ಕೇಳಿ ಕೇಳಿ ನಿಮ್ಮನ್ನು ಅರ್ಧ ಮಾಡಿರಬಹುದು. ನನ್ನದೊಂದೇ ಬೇಡಿಕೆ. ನಿಮ್ಮ ನಂಬಿಕೆಗೆ ಒಪ್ಪುವಂಥದ್ದನ್ನು ನೋಡಿ ಯಾವುದಾದರೂ ಒಂದನ್ನು ಧೈರ್ಯವಾಗಿ ತೆಗೆದುಕೊಳ್ಳಿ, ಅದರ ಮುಂದೆ ಮಾತ್ರ ಮಂಡಿಯೂರಬೇಡಿ. ಮಂಡಿಯೂರುವ ಜಾಗ ಬೇರೆ ಇದೆ, ಅದು ನಿಮಗೂ ಗೊತ್ತು. ದೇವರು ನಿಮ್ಮನ್ನೂ ನಿಮ್ಮ ಮಕ್ಕಳನ್ನೂ ಆಶೀರ್ವದಿಸಲಿ. ನಿಮ್ಮ ಮಕ್ಕಳೆಂದರೆ ನಮ್ಮ ಮುತ್ತಾತಂದಿರ ತಾತಂದಿರು. ಅವರನ್ನು ನಗಿಸಿ ಬೆಳೆಸಿ, ಅದು ನಮ್ಮ ತನಕ ಬರುತ್ತದೆ.

ಇನ್ನು ಅಂದು ಮೆಟ್ಟಿಲ ಮೇಲೆ ಕತೆ ಕೇಳಿದವರ ವಿಷಯ. ಹನ್ನೊಂದು ಮನೆಯವರು ಹೊಸ ಪೆಟ್ಟಿಗೆ ಪಕ್ಕದಲ್ಲಿಟ್ಟುಕೊಂಡು ಕೇಳಿದ್ದರು. ಮರುದಿನ ಬೆಳಿಗ್ಗೆ ಏಳಕ್ಕೆ ಹನ್ನೊಂದು ಮನೆಗಳಲ್ಲಿ ಒಂದರಲ್ಲೂ ಪೆಟ್ಟಿಗೆ ತೆರೆಯಲಿಲ್ಲ. ಮಕ್ಕಳನ್ನು ಅವರ ಪಾಡಿಗೆ ಬಿಟ್ಟು, ತಾಯಿತಂದೆಯರು ಹಿಂದೆ ಹಿಂದೆ ನಡೆದರು. ನನ್ನ ತಾಯಿ ಕೈಕಟ್ಟಿಕೊಂಡು ಹಿತ್ತಲಿಗೆ ಬಂದಳು, ನೀರಿನ ಅಂಚಿಗೆ ಬಂದಳು, ನಾನು ಸೀಬೆಮರ ಹತ್ತಿದರೆ ಬುಡದಲ್ಲಿ ನಿಂತಳು. ನನಗೆ ಸಾಕಾಗಿ, "ಏನಮ್ಮಾ, ನಾನೇನು ಮಾಡ್ದೆ ಅಂತ ಹಿಂಗೆ ಹಿಂದೆ ಬಿದ್ದಿದೀಯ?" ಎಂದು ಕೇಳಿದೆ.

"ಏನೂ ಇಲ್ಲ, ನೋಡ್ತಾ ಇದೀನಿ," ಎಂದಳು. ಮಧ್ಯಾಹ್ನ ಊಟವಾದ ಮೇಲೆ ಇಬ್ಬರೂ ಸೇರಿ ಪೆಟ್ಟಿಗೆ ತೆರೆದೆವು.